ಮಲಗಿದ್ದ ಮರಿಯಮ್ಮನ ಕಣ್ಣು ತೆರೆಸಿದರು

ನನ್ನ ಎರಡನೆಯ ಗಂಡ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ‘ಎರಡನೆಯ’ ಎಂಬ ಮಾತನ್ನು ಇಲ್ಲಿ ಒಂದು ಸಲ ಬರೆದಿದ್ದೇನೆ, ಇನ್ನು ಬರೆಯುವುದಿಲ್ಲ. ಊರಿನವರು ಅದನ್ನು ಬೇಕಾದಷ್ಟು ಸಲ ಹೇಳಿಯಾಗಿದೆ.

ನಮ್ಮ ತಂದೆ ಮಡಿಕೇರಿಯಲ್ಲಿ ಕನ್ನಡ ಪಂಡಿತರು. ನನ್ನನ್ನು ಮೊದಲು ಕೊಟ್ಟದ್ದು ಅಲ್ಲಿನ ಕಚೇರಿಯ ಗುಮಾಸ್ತರೊಬ್ಬರಿಗೆ. ಮಗಳು ಹೊಟ್ಟೆಯಲ್ಲಿದ್ದಾಗಲೇ ಅವರು ಜ್ವರ ಬಂದು ತೀರಿಕೊಂಡರು. ಹೆರಿಗೆಯಾದ ಮೇಲೆ ಮನೆಗೆ ಬಂದ ನೆಂಟರು ತೊಟ್ಟಿಲಲ್ಲಿದ್ದ ಮಗುವನ್ನು ನೋಡಲಿಲ್ಲ, ನನ್ನ ತಲೆಕೂದಲನ್ನು ನೋಡಿದರು. ಇದು ಇನ್ನೂ ಯಾಕಿದೆ ಎಂದು ಅಜ್ಜಿಯನ್ನು ಕೇಳಿದರು. ನಮ್ಮ ತಂದೆ ಮನೆಯೊಳಗೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಅವತ್ತು ಜಗಲಿಗೆ ಬಂದು, "ನನ್ನ ಮಗಳ ತಲೆ ವಿಚಾರ ಮಾತಾಡುವವರು ಈಗಲೇ ಎದ್ದು ಹೋಗಬಹುದು" ಎಂದರು. ಕೆಲವರು ಎದ್ದೇ ಹೋದರು. ಕಾಫಿ ಕುಡಿದು ಮುಗಿಸಿ ಹೋದರು, ಅದೂ ನೆನಪಿದೆ.

ನಮ್ಮವರು ತಂದೆಯ ಹಳೆಯ ವಿದ್ಯಾರ್ಥಿ. ಅವರ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡಿದ್ದ ಒಕ್ಕಲಿಗರು. ಮೈಸೂರಿನಲ್ಲಿ ಚಿತ್ರ ಕಲಿತು ಬಂದು ಮಿಡ್ಲ್ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ್ದರು. ಮಡಿಕೇರಿಗೆ ಬಂದಾಗಲೆಲ್ಲ ಗುರುಗಳನ್ನು ನೋಡಿಕೊಂಡು ಹೋಗುತ್ತಿದ್ದರು. ಮಗಳು ಗೋಡೆ ಹಿಡಿದು ನಡೆಯಲು ಕಲಿತ ಸಮಯದಲ್ಲಿ ಒಂದು ದಿನ ಬಂದವರು, ಕೂರುವ ಮೊದಲೇ ಹೇಳಿದರು:

"ಪಂಡಿತರೇ, ನಿಮ್ಮ ಮಗಳು ಒಪ್ಪಿದ್ರೆ ನಾನು ಮದುವೆ ಆಗ್ತೀನಿ. ಮಗೂನೂ ನಮ್ಮ ಜತೇಲೇ ಇರ್ತದೆ."

ತಂದೆ ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಒಳಗಿದ್ದಾಳೆ. ಅವಳನ್ನೇ ಕೇಳಪ್ಪ" ಎಂದರು.

ನಾನು ಬಾಗಿಲ ಹಿಂದೆಯೇ ಇದ್ದೆ. ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದೆ. "ಮಗೂನ ಏನಂತ ಕರೀತೀರಿ?"

"ಮಗಳು ಅಂತ. ಮತ್ತಿನ್ನೇನಂತ ಕರೀಲಿ?"

ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ನನ್ನ ಕಡೆಯಿಂದ ತಂದೆ ಒಬ್ಬರೇ ಬಂದರು. ಅವರ ಕಡೆಯಿಂದ ಯಾರೂ ಇಲ್ಲ. ಸಾಕ್ಷಿಗೆ ಸ್ಕೂಲಿನ ಇಬ್ಬರು ಮೇಷ್ಟ್ರುಗಳು. ಜಾತಿ ಬಿಟ್ಟವಳು ಎಂದು ನನ್ನ ನೆಂಟರು ನನ್ನನ್ನು ಬಿಟ್ಟರು, ವಿಧವೆಯನ್ನು, ಅದರ ಮೇಲೆ ಮಗುವನ್ನು ಬೇರೆ, ತಂದ ಎಂದು ನಮ್ಮವರ ತಾಯಿ ಮಗನನ್ನು ಬಿಟ್ಟರು. ನಾವು ನೆಲ್ಯಹುದಿಕೇರಿಯ ಆಚೆ, ಕಾವೇರಿಯ ದಡದ ಒಂದು ಸಣ್ಣ ಊರಿನಲ್ಲಿ, ಸ್ಕೂಲಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೂಡಿದೆವು. ಕೊಡಗು ಆಗ ಬೇರೆ ರಾಜ್ಯ. ಆಳುವವರು ಮಡಿಕೇರಿಯಲ್ಲೇ ಇದ್ದರು. ಆದರೆ ಎಸ್ಟೇಟಿನ ಊರುಗಳಲ್ಲಿ ನಡೆಯುತ್ತಿದ್ದದ್ದು ಎಸ್ಟೇಟಿನವರ ಮಾತು.

ನಮ್ಮ ವಿಷಯ ನಮಗಿಂತ ಮೊದಲೇ ಆ ಊರಿಗೆ ಬಂದು ಕೂತಿತ್ತು. ಅಂಗಡಿಗೆ ಹೋದರೆ ಸಕ್ಕರೆ ಕಟ್ಟಿಕೊಡುತ್ತ ಅಂಗಡಿಯವನು ಕೇಳುತ್ತಿದ್ದ: "ಮಗಳು ಮೇಷ್ಟ್ರ ಥರ ಇಲ್ಲವಲ್ಲಾ ಅಮ್ಮ?" ಗೊತ್ತಿದ್ದೇ ಕೇಳುತ್ತಿದ್ದದ್ದು. ಬಾವಿಕಟ್ಟೆಯಲ್ಲಿ ಹೆಂಗಸರು ಮಗುವಿನ ಗಲ್ಲ ಹಿಡಿದು, "ಪಾಪ, ಸಾಕಿದ ಅಪ್ಪ ಆದ್ರೂ ಚೆನ್ನಾಗಿ ನೋಡ್ಕೊಳ್ತಾರಂತೆ" ಎನ್ನುತ್ತಿದ್ದರು. ಆ ‘ಆದ್ರೂ’ ಕೇಳಿದಾಗ ಕೈಯಲ್ಲಿದ್ದ ಕೊಡವನ್ನು ಯಾರ ತಲೆಯ ಮೇಲೆ ಹಾಕಲಿ ಎನಿಸುತ್ತಿತ್ತು. ನಮ್ಮವರಿಗೆ ಹೇಳಿದರೆ, "ಹೇಳ್ಲಿ ಬಿಡು" ಎಂದು ಸೀಸದ ಕಡ್ಡಿ ಕೆತ್ತುತ್ತ ಕೂರುವರು. ಅವರ ಸ್ವಭಾವವೇ ಹಾಗೆ. ಇಡೀ ದಿನಕ್ಕೆ ಅವರಾಡುವ ಮಾತನ್ನು ನಾನು ಒಲೆ ಹಚ್ಚುವಷ್ಟರಲ್ಲಿ ಆಡಿ ಮುಗಿಸುತ್ತಿದ್ದೆ.

ಆ ವರ್ಷ ಮಳೆ ಬಿಟ್ಟ ಮೇಲೆ ನನಗೆ ಚಳಿಜ್ವರ ಹಿಡಿಯಿತು. ಮಲೇರಿಯ ಆ ಕಡೆ ಮನೆಮನೆಯ ಕಾಯಿಲೆ. ಒಂದು ದಿನ ಬಿಟ್ಟು ಒಂದು ದಿನ ಹಲ್ಲು ಕಟಕಟ ಎನ್ನುವ ಚಳಿ, ಆಮೇಲೆ ಬೆಂಕಿಯಂಥ ಜ್ವರ, ಆಮೇಲೆ ಸತ್ತವಳ ಹಾಗೆ ನಿದ್ದೆ. ತವರಿಗೆ ಹೇಳಿಕಳಿಸಿದರೆ ಬರುವ ಹೆಂಗಸರಿಲ್ಲ, ಅತ್ತೆಮನೆಯಿಂದ ಕೇಳುವ ಹಾಗೇ ಇಲ್ಲ. ಸ್ಕೂಲಿಗೆ ಹೋಗುವ ಮೊದಲು ನಮ್ಮವರೇ ಗಂಜಿ ಮಾಡಿ, ನನಗೆ ಕುಡಿಸಿ, ಮಗುವಿಗೆ ನೀರು ಹಾಕಿ ಹೋಗುತ್ತಿದ್ದರು. ಮಗುವಿಗೆ ನೀರು ಹಾಕಲು ಅವರಿಗೆ ಗೊತ್ತಿದ್ದದ್ದು ಒಂದೇ ರೀತಿ, ಅವರ ತಾಯಿ ಅವರ ತಮ್ಮಂದಿರಿಗೆ ಹಾಕುತ್ತಿದ್ದದ್ದು. ಪಂಚೆಯನ್ನು ಮೊಣಕಾಲ ಮೇಲೆ ಎತ್ತಿಕಟ್ಟಿ, ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಮಗುವನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಅಂಗೈಯಲ್ಲಿ ಬಿಸಿ ನೋಡಿ ಚೆಂಬಿನಿಂದ ಹುಯ್ಯುವುದು. ಕಾಲ ಮೇಲೆ ಮಲಗಿಸುವ ವಯಸ್ಸು ನನ್ನ ಮಗಳಿಗೆ ದಾಟಿತ್ತು. ಅವಳ ಪಾದ ಅವರ ಪಾದದಿಂದ ಆಚೆ ಬರುತ್ತಿತ್ತು. ಆದರೂ ಅಳದೆ ಮಲಗಿರುತ್ತಿದ್ದಳು. ಬಚ್ಚಲಿನಿಂದ ಬರುವ ಆ ನೀರಿನ ಸದ್ದನ್ನು ಕೇಳುತ್ತ ಕೇಳುತ್ತ ನಾನು ನಿದ್ದೆ ಹೋಗುತ್ತಿದ್ದೆ. ನನ್ನ ಗಂಡ ಮಗುವಿಗೆ ಎರೆಯುವುದನ್ನು ಬೇಲಿಯಾಚೆಯಿಂದ ನೋಡಿದವರು ಇದ್ದರು. ಅದು ಊರಿಗೆಲ್ಲ ನಗುವ ಸಂಗತಿಯಾಯಿತು ಎಂದು ನಾನು ಎದ್ದು ಓಡಾಡತೊಡಗಿದ ಮೇಲೆ ತಿಳಿಯಿತು.

ಹೊಳೆಯಾಚೆಯ ಎಸ್ಟೇಟಿನ ಹತ್ತಿರ ಒಂದು ಸಣ್ಣ ಚರ್ಚು ಕಟ್ಟಿದ್ದರು. ಲೈನುಗಳಲ್ಲಿ, ಎಂದರೆ ಎಸ್ಟೇಟಿನ ಸಾಲುಮನೆಗಳಲ್ಲಿ, ಇದ್ದ ತಮಿಳು, ಮಲೆಯಾಳ ಮಾತಾಡುವ ಕೆಲಸದವರಿಗೆ, ಕೆಲವು ಕೊಂಕಣಿ ಮನೆಯವರಿಗೆ ಅದೇ ದೇವಸ್ಥಾನ. ಪಾದ್ರಿಗಳು ಮಂಗಳೂರು ಕಡೆಯವರು, ವಯಸ್ಸಾದವರು. ನಮ್ಮವರು ನಾಟಕದ ಪರದೆ ಬರೆಯುತ್ತಾರೆಂದು ಯಾರಿಂದಲೋ ಕೇಳಿ, ಒಂದು ಸಂಜೆ ಸೈಕಲ್ ತಳ್ಳಿಕೊಂಡು ನಮ್ಮ ಮನೆಗೆ ಬಂದರು. ಜೋಳಿಗೆಯಿಂದ ಅಂಗೈಯಗಲದ ಅಚ್ಚಿನ ಚಿತ್ರಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಯೋಸೇಫ, ಮರಿಯಮ್ಮ, ಮಗು ಯೇಸು. ಚರ್ಚಿನ ಒಂದು ಪಕ್ಕದ ಗೋಡೆಗೆ ಆ ಮೂವರ ದೊಡ್ಡ ಚಿತ್ರ ಬೇಕು, ಇದನ್ನೇ ನೋಡಿ ದೊಡ್ಡದಾಗಿ ಬರೆದುಕೊಟ್ಟರೆ ಸಾಕು ಎಂದರು.

ನಮ್ಮವರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಎಲ್ಲದರಲ್ಲೂ ತಾಯಿ ನಡುವೆ, ಮಗು ತಾಯಿಯ ಮಡಿಲಲ್ಲಿ. ಯೋಸೇಫ ಮಾತ್ರ ಬಿಳಿ ಗಡ್ಡದ ಮುದುಕ, ಹಿಂದೆ ಕತ್ತಲಲ್ಲಿ ದೀಪವನ್ನೋ ಕೋಲನ್ನೋ ಹಿಡಿದು ನಿಂತಿರುತ್ತಿದ್ದ.

"ಇವರನ್ನ ಯಾಕೆ ಸ್ವಾಮಿ ಮೂಲೇಲಿ ನಿಲ್ಲಿಸಿರದು? ಮನೆ ಕಾಯೋರ ಥರ?" ಎಂದು ಕೇಳಿದರು.

ಪಾದ್ರಿಗಳು ನಕ್ಕರು. "ಅವರು ತಂದೆ ಅಲ್ಲ ನೋಡಿ. ಸಾಕಿದವರು. ಮಗು ದೇವರದ್ದು."

ನಾನು ಕಾಫಿ ತರುತ್ತಿದ್ದವಳು ಬಾಗಿಲಲ್ಲೇ ನಿಂತೆ. ನಮ್ಮವರು ನನ್ನ ಕಡೆ ತಿರುಗಲಿಲ್ಲ. "ನನಗೆ ಪೂರ್ತಿ ಕಥೆ ಹೇಳಿ" ಎಂದರು.

ಪಾದ್ರಿಗಳು ಹೇಳಿದರು. ನಿಶ್ಚಯವಾದ ಹುಡುಗಿ ಬಸುರಿ ಎಂದು ತಿಳಿದಾಗ ಯೋಸೇಫನಿಗಾದ ಸಂಕಟ, ಕನಸಿನಲ್ಲಿ ಬಂದ ದೇವದೂತ, ಊರಲ್ಲದ ಊರಿನಲ್ಲಿ ಹೆರಿಗೆ, ಹಸುಗೂಸುಗಳನ್ನು ಕೊಲ್ಲಿಸಲು ಹೊರಟ ರಾಜ, ಮತ್ತೊಂದು ಕನಸು, ತಾಯಿಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಓಡಿಹೋದದ್ದು. ನಮ್ಮವರು ನಡುವೆ ನಡುವೆ ಕೇಳುತ್ತಿದ್ದ ಪ್ರಶ್ನೆಗಳಿಗೆ ಪಾದ್ರಿಗಳಿಗೆ ಬೆರಗೋ ಬೆರಗು.

"ದಾರಿ ಎಷ್ಟು ದೂರ?"

"ತುಂಬ ದೂರ. ಮರಳುಗಾಡು."

"ಬಾಣಂತಿ ಅಷ್ಟು ದೂರ ನಡೆದ್ರಾ?"

"ಕತ್ತೆ ಮೇಲೆ ಅಂತ ಹೇಳ್ತಾರೆ."

"ಅಡಿಗೆ ಯಾರು ಮಾಡ್ತಿದ್ರು? ಮಗೀಗೆ ನೀರು ಯಾರು ಹಾಕ್ತಿದ್ರು? ಜತೇಲಿ ಹೆಂಗಸರು ಯಾರೂ ಇರಲಿಲ್ವಾ?"

"ಎಂಥ ಮಾರಾಯ್ರೆ, ಅದೆಲ್ಲ ಬರೆದಿಲ್ಲ. ಯೋಸೇಫರು ಆಡಿದ ಒಂದು ಮಾತೂ ಪುಸ್ತಕದಲ್ಲಿಲ್ಲ. ಮಾಡಿದ್ದು ಉಂಟು, ಆಡಿದ್ದು ಇಲ್ಲ."

"ಹಂಗಾದ್ರೆ ಮಾಡಿದ್ದನ್ನೇ ಬರೀತೀನಿ" ಎಂದರು ನಮ್ಮವರು.

ನಾಟಕದ ಪರದೆಗೆ ತರಿಸಿದ್ದ ದಪ್ಪ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಬಿಳಿ ಬಳಿದು, ಸ್ಕೂಲಿನ ಹಿಂದಿನ ಕೋಣೆಯಲ್ಲಿ ನಿಲ್ಲಿಸಿಕೊಂಡರು. ನನಗೆ ಆ ಕಡೆ ಬರಬೇಡ ಎಂದಿದ್ದರು. ಮುಗಿದ ಮೇಲೆ ಕರೆದು ತೋರಿಸಿದರು.

ಖರ್ಜೂರದ ಮರವಿಲ್ಲ, ಮರಳಿಲ್ಲ. ಒಂದು ಹೊಳೆಯ ದಡ, ದೊಡ್ಡ ಬಂಡೆ, ಬಂಡೆಯ ಮರೆಯಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಮಸಿ ಹಿಡಿದ ಪಾತ್ರೆ. ನಡುವೆ ಯೋಸೇಫ. ಮುದುಕನಲ್ಲ, ಮೂವತ್ತರ ಆಸುಪಾಸಿನ ಗಂಡಸು, ಬಡಗಿಯ ಗಟ್ಟಿ ತೋಳು. ಬಟ್ಟೆ ಎತ್ತಿಕಟ್ಟಿ, ಕಾಲು ಚಾಚಿ ಕೂತಿದ್ದಾನೆ. ಕಾಲಿನ ಮೇಲೆ ಮಗು ಬೋರಲು ಮಲಗಿದೆ. ಒಂದು ಕೈ ಮಗುವಿನ ಬೆನ್ನ ಮೇಲೆ, ಇನ್ನೊಂದು ಕೈಯಿಂದ ನೀರು ಬೀಳುತ್ತಿದೆ. ಅವನ ಕಣ್ಣು ಆ ನೀರಿನ ಮೇಲೇ ಇದೆ, ಬಿಸಿ ಹೆಚ್ಚಾಯಿತೇನೋ ಎಂಬ ಹಾಗೆ. ಅವನ ಪಕ್ಕದಲ್ಲಿ, ಕತ್ತೆಯ ಬೆನ್ನಿನಿಂದ ಇಳಿಸಿದ ಗಂಟಿಗೆ ತಲೆಯಿಟ್ಟು, ಕಂಬಳಿ ಹೊದ್ದು ಮರಿಯಮ್ಮ ಮಲಗಿದ್ದಾಳೆ. ಗಾಢ ನಿದ್ದೆ. ಬಾಯಿ ಸ್ವಲ್ಪ ತೆರೆದಿದೆ. ಕಂಬಳಿಯಿಂದ ಒಂದು ಪಾದ ಹೊರಗೆ ಬಂದಿದೆ, ನಡೆದು ನಡೆದು ಒಡೆದ ಹಿಮ್ಮಡಿ.

ಆ ಮುಖ ನನ್ನದು. ನನಗೆ ಮೊದಲು ಬಂದದ್ದು ಸಿಟ್ಟೇ. "ಬಾಯಿ ಬಿಟ್ಕೊಂಡು ಮಲಗಿದ್ದೀನಲ್ಲ! ಬೇರೆ ಏನೂ ಸಿಗಲಿಲ್ವಾ ನಿಮಗೆ?"

"ಜ್ವರದಾಗೆ ನೀನು ಹಂಗೇ ಮಲಗ್ತಿದ್ದೆ" ಎಂದರು. ಆಮೇಲೆ ಅಪರೂಪಕ್ಕೆ ನಾಲ್ಕು ಮಾತು ಹೆಚ್ಚಾಗಿ ಆಡಿದರು. "ಆ ಅಚ್ಚಿನ ಪಟಗಳಲ್ಲಿ ಆ ತಾಯಿಗೆ ಎಲ್ಲೂ ನಿದ್ದೇನೇ ಇಲ್ಲ ನೋಡು. ಯಾವಾಗಲೂ ಎದ್ದು ಕೂತಿರ್ತಾಳೆ. ಅಷ್ಟು ದೂರ ಬಂದ ಬಾಣಂತಿ. ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದ್ರೆ ಅವನು ಎಂಥ ಗಂಡಸು ಅಂತ ಗೊತ್ತಾಯ್ತದೆ. ಅವನ ಬಗ್ಗೆ ನಾನು ಬೇರೆ ಏನೂ ಬರೀಬೇಕಾಗಿಲ್ಲ."

ನಾನು ಸೆರಗಿನಿಂದ ಅವರ ಕೆನ್ನೆಗೆ ಹತ್ತಿದ್ದ ಬಣ್ಣ ಒರೆಸಿದೆ.

ಪಾದ್ರಿಗಳು ಬಂದು ನೋಡಿದರು. ಮೊದಲು ಟೋಪಿ ತೆಗೆದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ನಮ್ಮ ಅಮ್ಮ ಹೀಗೇ ಮಲಗುತ್ತಿದ್ದರು. ನಾವು ಒಂಬತ್ತು ಜನ ಮಕ್ಕಳು. ಅವರು ಮಲಗಿದ್ದನ್ನು ನಾನು ಕಂಡದ್ದೇ ಅಪರೂಪ" ಎಂದರು. ತಲೆಗಳ ಸುತ್ತ ಪ್ರಭೆ ಇಲ್ಲದಿದ್ದರೆ ಜನ ಒಪ್ಪಲಿಕ್ಕಿಲ್ಲ ಎಂದು ಒಂದೇ ಒಂದು ಮಾತು ಹೇಳಿದರು. ನಮ್ಮವರು ಮೂವರ ತಲೆಗೂ ಕೂದಲೆಳೆಯಷ್ಟು ತೆಳುವಾದ ಹೊನ್ನಿನ ಗೆರೆ ಎಳೆದುಕೊಟ್ಟರು. ಎಸ್ಟೇಟಿನ ಲಾರಿಯಲ್ಲಿ ಚಿತ್ರ ಹೋಯಿತು.

ಅದನ್ನು ಗೋಡೆಗೆ ಹಾಕಿದ ಭಾನುವಾರ ನಾವೂ ಹೋಗಿದ್ದೆವು. ಪೂಜೆ ಮುಗಿದ ಮೇಲೆ ಲೈನಿನ ಹೆಂಗಸರೆಲ್ಲ ಚಿತ್ರದ ಮುಂದೆ ಗುಂಪುಕೂಡಿದರು. ವಾರವಿಡೀ ಕಾಫಿ ಹಣ್ಣು ಬಿಡಿಸಿ ಬೆರಳೆಲ್ಲ ಕಪ್ಪಾದ ಹೆಂಗಸರು. ಅವರಲ್ಲೊಬ್ಬಳು, ನಮ್ಮ ಮನೆಗೆ ಸೊಪ್ಪು ತಂದುಕೊಡುತ್ತಿದ್ದ ತಮಿಳಿನವಳು, ನನ್ನ ಕೈ ಹಿಡಿದು ಎಳೆದಳು.

"ನೋಡಿ ಮೇಷ್ಟ್ರಮ್ಮ, ನಮ್ಮ ಸೂಸೈಯಪ್ಪರ್ ಪಾಪಾಗೆ ನೀರು ಹಾಕ್ತಾ ಇದ್ದಾರೆ! ನೀನು ತೂಂಗು ತಾಯಿ, ನಾನು ನೋಡ್ಕೋತೀನಿ ಅಂತಾ ಇದ್ದಾರೆ." ಯೋಸೇಫ ಅವರ ಬಾಯಲ್ಲಿ ಸೂಸೈಯಪ್ಪರ್, ತೂಂಗು ಎಂದರೆ ಮಲಗು. ಹಿಂದೆ ನಿಂತಿದ್ದ ತನ್ನ ಗಂಡನ ಕಡೆ ತಿರುಗಿ ತಮಿಳಿನಲ್ಲಿ ಏನೋ ಹೇಳಿದಳು. ಹೆಂಗಸರೆಲ್ಲ ನಕ್ಕರು, ಅವನೂ ತಲೆ ಕೆರೆದುಕೊಂಡು ನಕ್ಕ.

ಆ ನಗು ಎಸ್ಟೇಟಿನ ಹೆಡ್ ರೈಟರಿಗೆ ಹಿಡಿಸಲಿಲ್ಲ. ಅವರೇ ಚರ್ಚಿನ ಸಮಿತಿಯ ದೊಡ್ಡವರು. ಲೈನಿನಲ್ಲಿ ಯಾರಿಗೆ ಯಾವ ಕೆಲಸ, ಯಾರಿಗೆ ಯಾವ ಮನೆ ಎಂದು ಬರೆಯುವ ಕೈ ಅವರದು. ಅವರು ಕೆಮ್ಮಿದರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಕೋಟು ಹಾಕಿದ್ದರು, ಕೈಯಲ್ಲಿ ಬೆತ್ತ. ಬೆತ್ತದ ತುದಿಯನ್ನು ಯೋಸೇಫನ ಕಾಲಿನ ಹತ್ತಿರ ಹಿಡಿದು ಕೇಳಿದರು:

"ಫಾದರ್, ವಾಟ್ ಈಸ್ ದಿಸ್? ಸಂತರನ್ನ ಆಯಾ ಮಾಡಿ ಕೂರಿಸಿದ್ದಾರಲ್ಲ. ಗಂಡಸು ಕಾಲು ಚಾಚಿ ಮಗುವಿಗೆ ಎರೀತಿದ್ದಾನೆ, ಹೆಂಡತಿ ಗೊರಕೆ ಹೊಡೀತಿದ್ದಾಳೆ. ಇದಕ್ಕೆ ನಾವು ಮೇಣದಬತ್ತಿ ಹಚ್ಚಬೇಕಾ?"

ಪಾದ್ರಿಗಳು ಮೆಲ್ಲಗೆ ಏನೋ ಹೇಳಲು ಹೋದರು. ರೈಟರು ನಿಲ್ಲಿಸಲಿಲ್ಲ. ನಾವು ಅಲ್ಲೇ ನಿಂತಿದ್ದೇವೆಂದು ಅವರಿಗೆ ಗೊತ್ತಿತ್ತು.

"ಮೇಷ್ಟ್ರು ತಮ್ಮ ಮನೆ ಬಚ್ಚಲನ್ನ ತಂದು ಚರ್ಚಿನಲ್ಲಿಟ್ಟಿದ್ದಾರೆ. ಬೇರೆಯವನ ಮಗುವಿಗೆ ಎರೆಯೋದು ಅವರಿಷ್ಟ. ಅದನ್ನ ನಮ್ಮ ಗೋಡೆ ಮೇಲೆ ಯಾಕೆ ತೋರಿಸಬೇಕು?"

ಮಗಳು ನನ್ನ ಸೊಂಟದ ಮೇಲಿದ್ದಳು. ನಮ್ಮವರು ನೆಲ ನೋಡುತ್ತಿದ್ದರು. ನನ್ನ ಕಿವಿಯಲ್ಲಿ ಜ್ವರ ಬಂದಾಗಿನ ಹಾಗೆ ಗುಂಯ್ ಎಂದಿತು.

"ರೈಟರೇ," ಎಂದೆ, "ನಿಮ್ಮ ಪುಸ್ತಕದಲ್ಲಿ ಯೋಸೇಫ ಎತ್ತಿಕೊಂಡು ಓಡಿದ್ದು ಯಾರ ಮಗುವನ್ನ? ತನ್ನದು ಅಂತ ಓಡಿದ್ರಾ? ಫಾದರನ್ನೇ ಕೇಳಿ. ಆ ಗಂಡಸಿಗೆ ನೀವು ಮೊಣಕಾಲೂರಿ ಕೈ ಮುಗೀತೀರಿ. ಅದೇ ಕೆಲಸ ನನ್ನ ಗಂಡ ಮಾಡಿದ್ರೆ ಬೇಲಿ ಮೇಲಿಂದ ಇಣುಕಿ ನಗ್ತೀರಿ. ನಿಮಗೆ ಯಾವುದರಲ್ಲಿ ನಂಬಿಕೆ?"

ರೈಟರ ಮುಖ ಕೆಂಪಾಯಿತು. "ಹಿಂದೂ ಹೆಂಗಸು ನಮಗೆ ಧರ್ಮ ಹೇಳೋದಕ್ಕೆ ಬಂದಳು" ಎಂದು ಬೆತ್ತ ಬೀಸುತ್ತ ಹೊರಗೆ ಹೋದರು. ಪಾದ್ರಿಗಳು ನನ್ನ ಹತ್ತಿರ ಬಂದು, "ಅಮ್ಮ, ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಚಿತ್ರ ಇಲ್ಲೇ ಇರ್ತದೆ" ಎಂದರು. ನಾನು ನಂಬಿದೆ.

ಸ್ವಲ್ಪ ಸಮಯದ ನಂತರ ಪಾದ್ರಿಗಳು ಕಣ್ಣಿನ ಪೊರೆ ತೆಗೆಸಲು ಮಂಗಳೂರಿಗೆ ಹೋದರು. ಅವರು ಊರಲ್ಲಿಲ್ಲದಾಗ ಒಂದು ಬೆಳಿಗ್ಗೆ ಆ ತಮಿಳಿನವಳು ಸೊಪ್ಪಿನ ಕಟ್ಟನ್ನೂ ಇಳಿಸದೆ ಬಾಗಿಲಲ್ಲಿ ನಿಂತು ಹೇಳಿದಳು:

"ಮೇಷ್ಟ್ರಮ್ಮ, ಮಾತಾವನ್ನ ಎಬ್ಬಿಸಿಬಿಟ್ರು."

ನನಗೆ ಅರ್ಥವಾಗಲಿಲ್ಲ. ಹೋಗಿ ನೋಡಿದೆ. ಬಯೋಸ್ಕೋಪಿನ ಬೋರ್ಡು ಬರೆಯುವವನೊಬ್ಬನನ್ನು ರೈಟರು ಮೈಸೂರಿನಿಂದ ಕರೆಸಿದ್ದರಂತೆ. ಅವನು ಚಿತ್ರವನ್ನು ‘ಸರಿಮಾಡಿ’ ಹೋಗಿದ್ದ. ಯೋಸೇಫನ ಬರಿಗಾಲುಗಳ ಮೇಲೆ ಕಾವಿ ಬಣ್ಣದ ನಿಲುವಂಗಿ ಎಳೆದಿದ್ದ. ನೀರು ಬೀಳುತ್ತಿದ್ದ ಕೈಯಲ್ಲಿ ಈಗ ಬಿಳಿ ಹೂವು ಬಿಟ್ಟ ಕೋಲು. ಮುಖಕ್ಕೆ ಬಿಳಿ ಗಡ್ಡ. ಒಲೆ ಪಾತ್ರೆಗಳ ಮೇಲೆ ಹಸಿರು ಬಳಿದು ಹುಲ್ಲು ಮಾಡಿದ್ದ. ಮರಿಯಮ್ಮನ ಒಡೆದ ಹಿಮ್ಮಡಿ ಕಂಬಳಿಯೊಳಗೆ ಹೋಗಿತ್ತು. ಬಾಯಿ ಮುಚ್ಚಿಸಿ, ತುಟಿಗೆ ಕೆಂಪು ಹಚ್ಚಿದ್ದ. ಎರಡು ಕಣ್ಣೂ ದೊಡ್ಡದಾಗಿ ತೆರೆಸಿದ್ದ.

ನೀವೇ ಯೋಚಿಸಿ. ಮಗುವನ್ನು ಎಬ್ಬಿಸಿ ತಾಯಿಯ ಮಡಿಲಿಗೆ ಹಾಕಲು ಅವನ ಕೈಲಾಗಿರಲಿಲ್ಲ, ಅದು ಯೋಸೇಫನ ಮುಂದೆ ಹಾಗೆಯೇ ಬೋರಲು ಬಿದ್ದಿತ್ತು. ಆ ಮುದುಕ ಅದರ ಬೆನ್ನ ಮೇಲೆ ಹೂವಿನ ಕೋಲು ಹಿಡಿದಿದ್ದ, ಬಾರಿಸಲು ಹೊರಟವನ ಹಾಗೆ. ತಾಯಿ ಅನ್ನಿಸಿಕೊಂಡವಳು ಪಕ್ಕದಲ್ಲೇ ಮಲಗಿ, ಕಣ್ಣು ಬಿಟ್ಟುಕೊಂಡು, ಮಗುವನ್ನು ನೋಡದೆ ಬಾಗಿಲ ಕಡೆ ನೋಡುತ್ತಿದ್ದಳು. ಮರ್ಯಾದೆ ಕಾಪಾಡಲು ಹೊರಟವರು ಆ ಸಂಸಾರಕ್ಕೆ ಮಾಡಿದ ಮರ್ಯಾದೆ ಇದು! ಗಂಡಸಿನ ಕೈಯಿಂದ ನೀರು ಕಿತ್ತುಕೊಂಡರು, ಹೆಂಗಸಿನ ಕಣ್ಣಿನಿಂದ ನಿದ್ದೆ ಕಿತ್ತುಕೊಂಡರು, ಆಗ ಅವರಿಗೆ ಸಮಾಧಾನವಾಯಿತು. ಕೆಳಗಿನ ಮೂಲೆಯಲ್ಲಿ ನಮ್ಮವರ ಹೆಸರು ಮಾತ್ರ ಹಾಗೇ ಇತ್ತು.

ಮನೆಗೆ ಬಂದು ಕೂಗಾಡಿದೆ. ನಮ್ಮವರು ಎದ್ದು ಹೋಗಿ ನೋಡಿಕೊಂಡು ಬಂದರು. "ಎಡಗಣ್ಣು ಒಂಚೂರು ಮೇಲಾಗಿದೆ" ಎಂದಷ್ಟೇ ಅಂದರು. ನನಗೆ ರೈಟರ ಮೇಲಿದ್ದ ಸಿಟ್ಟೆಲ್ಲ ಇವರ ಮೇಲೆ ತಿರುಗಿತು.

"ನಿಮಗೆ ಕೋಪಾನೇ ಬರೋದಿಲ್ವಾ? ಮುಖಕ್ಕೆ ಮಸಿ ಬಳಿದ ಹಾಗೆ ಮಾಡಿದ್ದಾರೆ. ನೀವು ಎಡಗಣ್ಣು ಬಲಗಣ್ಣು ಅಂತಿದ್ದೀರಿ!"

"ಬಂದಿದೆ" ಎಂದರು. ಕೈ ನೋಡಿಕೊಂಡರು. "ಬಂದಿದ್ದನ್ನ ಏನು ಮಾಡಬೇಕು ಅಂತ ಗೊತ್ತಾಗ್ತಿಲ್ಲ."

ಅವರು ಮಾಡಿದ್ದು ಇಷ್ಟು. ಮುಂದಿನ ಭಾನುವಾರ ಪೂಜೆ ಮುಗಿದು ಜನ ಇನ್ನೂ ಒಳಗಿರುವಾಗಲೇ ಟರ್ಪೆಂಟೈನ್ ಬಾಟಲಿ, ಒಂದು ಹಳೆ ಬಟ್ಟೆ ಹಿಡಿದು ಹೋದರು, ಹಿಂದೆಯೇ ನಾನೂ. ಎಲ್ಲರ ಎದುರಿಗೆ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಬಟ್ಟೆ ಅದ್ದಿ, ತಮ್ಮ ಹೆಸರನ್ನು ಉಜ್ಜಿ ಉಜ್ಜಿ ತೆಗೆದರು. ಒಣಗಿದ ಬಣ್ಣ ಸುಲಭಕ್ಕೆ ಬಿಡುವುದಿಲ್ಲ. ರೈಟರು ಮುಂದೆ ಬಂದು, "ಇದು ಚರ್ಚಿನ ಪ್ರಾಪರ್ಟಿ, ಮುಟ್ಟಬಾರದು" ಎಂದರು.

"ಚಿತ್ರ ನಿಮ್ಮದೇ" ಎಂದರು ನಮ್ಮವರು. "ಹೆಸರು ನಂದು. ಅದನ್ನ ತಗೊಂಡು ಹೋಗ್ತಿದ್ದೀನಿ."

ಬಾಗಿಲ ಹತ್ತಿರ ರೈಟರ ಹೆಂಡತಿ ನಿಂತಿದ್ದರು. ಮೈತುಂಬ ಹೊದ್ದು, ಒಂದು ಮಗುವನ್ನು ಕಂಕುಳಲ್ಲಿ, ಇನ್ನೊಂದನ್ನು ಬೆರಳಿಗೆ ಹಿಡಿದ ಹೆಂಗಸು. ಹಿಂದೆ ಇನ್ನೂ ಮೂವರಿದ್ದರು. ನಾನು ಪಕ್ಕದಲ್ಲಿ ಹಾದುಹೋಗುವಾಗ ತುಟಿ ಅಲ್ಲಾಡಿಸದೆ, "ಮಲಗಿದ್ದಾಗಲೇ ಚೆನ್ನಾಗಿತ್ತು" ಎಂದರು. ಈ ಸಂಗತಿಯನ್ನು ನಾನು ಯಾರಿಗೆ ಹೇಳಿದರೂ ಅವರು ಕರಗಿಹೋಗುತ್ತಾರೆ, ಪಾಪ ಆ ಹೆಂಗಸು ಎನ್ನುತ್ತಾರೆ. ನಾನು ಕರಗಲಿಲ್ಲ. ನನಗೆ ಯಾಕಮ್ಮ ಹೇಳುತ್ತೀರಿ, ಅಲ್ಲಿ ನಿಂತಿದ್ದಾರಲ್ಲ ಕೋಟು ಹಾಕಿಕೊಂಡು, ಅವರಿಗೆ ಹೇಳಿ ಎನ್ನಬೇಕೆನಿಸಿತು. ಆಕೆಯ ಕಣ್ಣ ಕೆಳಗಿನ ಕಪ್ಪು ನೋಡಿ ಸುಮ್ಮನಾದೆ, ಅಷ್ಟೇ.

ಪಾದ್ರಿಗಳು ಹಿಂತಿರುಗಿ ಬಂದು, ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಚಿತ್ರ ನೋಡಿದರಂತೆ. ನಮ್ಮ ಮನೆಗೆ ಬಂದು ಬಹಳ ಹೊತ್ತು ಕೂತರು. "ಸಮಿತಿಯವರು ಕೇಳುವುದಿಲ್ಲ. ಎಸ್ಟೇಟಿನ ಜಾಗ, ಎಸ್ಟೇಟಿನ ಹೆಂಚು. ನನ್ನ ಮಾತು ನಡೆಯೋದಿಲ್ಲ" ಎಂದರು. ಒಳ್ಳೆಯವರು, ನಿಜ. ಆದರೆ ಒಳ್ಳೆಯವರ ಮಾತು ನಡೆಯದ ಕಡೆ ಒಳ್ಳೆಯವರು ಇದ್ದು ಏನು ಬಂತು ಎಂದು ಅವರ ಮುಖದ ಮೇಲೇ ಕೇಳಿದೆ. ಅವರು ತಲೆ ತಗ್ಗಿಸಿದರು. ನಮ್ಮವರು ನನ್ನನ್ನು ಗದರಿದ್ದು ಅವತ್ತೊಂದೇ ದಿನ. "ಕಾಫಿ ಮಾಡು ಹೋಗು" ಎಂದರು, ಅಷ್ಟೇ ಅವರ ಗದರಿಕೆ.

ಆ ತಮಿಳಿನವಳು ಮಾತ್ರ ಬಿಡಲಿಲ್ಲ. "ನಂಗೊಂದು ಚಿಕ್ಕದು ಬರ್ಕೊಡಿ ಮೇಷ್ಟ್ರೇ. ತೂಂಗೋ ಮಾತಾ. ಲೈನ್ ಮನೆಗೆ ರೈಟರ್ ಬಂದು ಎಬ್ಬಿಸಲಿ ನೋಡೋಣ" ಎಂದಳು. ಚಹಾಪೆಟ್ಟಿಗೆಯ ಹಲಗೆಯ ಮೇಲೆ ನಮ್ಮವರು ಅದೇ ಚಿತ್ರವನ್ನು ಮತ್ತೆ ಬರೆದರು. ಈ ಸಲ ಮಗಳು ಪಕ್ಕದಲ್ಲೇ ಕೂತು ಬಣ್ಣ ಕಲಸಿದಳು, ಬೇಡವೆಂದರೂ. ನಾನು ಬಾಯಿ ಬಿಟ್ಟು ಮಲಗಿದ್ದಕ್ಕೆ ಈ ಸಲ ತಕರಾರು ಮಾಡಲಿಲ್ಲ. ತಮಿಳಿನವಳು ಅದನ್ನು ತನ್ನ ಮನೆಯ ಒಲೆಯ ಮೇಲಿನ ಗೋಡೆಗೆ ಹಾಕಿಕೊಂಡಳು. ಕಾಫಿ ಪಿಕ್ಕಿಂಗ್ ಮುಗಿಸಿ ಬಂದ ಹೆಂಗಸರು ಅಲ್ಲಿಗೆ ಬಂದು ಮೇಣದಬತ್ತಿ ಹಚ್ಚಿ ಹೋಗುತ್ತಾರೆಂದು ಹೇಳುತ್ತಿದ್ದಳು.

ಕೊಡಗನ್ನು ಮೈಸೂರಿಗೆ ಸೇರಿಸುವ ಮಾತು ಜೋರಾಗಿದ್ದ ಕಾಲದಲ್ಲಿ ನಮ್ಮವರಿಗೆ ಸೋಮವಾರಪೇಟೆಗೆ ವರ್ಗವಾಯಿತು. ಸಾಮಾನು ಕಟ್ಟಿದ ದಿನ ಲಾರಿಯನ್ನು ಚರ್ಚಿನ ಹತ್ತಿರದ ರಸ್ತೆಯಲ್ಲಿ ನಿಲ್ಲಿಸಿಕೊಂಡು, ಪಾದ್ರಿಗಳಿಗೆ ಹೇಳಿ ಬರೋಣವೆಂದು ಮಗಳನ್ನು ಕರೆದುಕೊಂಡು ಚರ್ಚಿಗೆ ಹೋದೆ. ಅವಳು ಆಗ ಎರಡನೆಯ ಕ್ಲಾಸು. ಪಾದ್ರಿಗಳಿರಲಿಲ್ಲ, ರೈಟರಿದ್ದರು. ನನ್ನನ್ನು ನೋಡಿಯೂ ನೋಡದವರ ಹಾಗೆ ಮಗಳ ಕಡೆ ಬಗ್ಗಿ, ನಗುತ್ತ ಕೇಳಿದರು:

"ಹೋಗ್ತಿದ್ದೀಯಂತೆ ಬೇಬಿ? ನಿನ್ನ ನಿಜವಾದ ಅಪ್ಪ ಯಾರು ಅಂತ ಗೊತ್ತಾ ನಿನಗೆ?"

ಅವಳು ಅವರನ್ನು ವಿಚಿತ್ರವಾಗಿ ನೋಡಿದಳು. "ಅಲ್ಲಿ ಲಾರಿಗೆ ಹಗ್ಗ ಬಿಗೀತಿದ್ದಾರಲ್ಲ, ಅವರೇ" ಎಂದಳು.

ನಾನು ಅವಳ ಕೈ ಹಿಡಿದು ಹೊರಗೆ ಬಂದೆ. ಲಾರಿ ಹತ್ತುವಾಗ ನನ್ನ ಮುಖ ಕಂಡು ನಮ್ಮವರು ಏನಾಯಿತು ಎಂದರು. ಹೇಳಿದೆ. ಅವರು ಹಗ್ಗದ ತುದಿಯನ್ನು ಕ್ಲೀನರನ ಕೈಗೆ ಕೊಟ್ಟು, ಪಂಚೆ ಕಟ್ಟಿಕೊಂಡು, ಚರ್ಚಿನ ಕಡೆ ನಡೆದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ನೋಡಿರಲಿಲ್ಲ. ಹಿಂದೆಯೇ ಓಡಿದೆ.

ರೈಟರು ಮೆಟ್ಟಿಲಿಳಿಯುತ್ತಿದ್ದರು. ನಮ್ಮವರು ದಾರಿಗೆ ಅಡ್ಡ ನಿಂತರು.

"ನನ್ನ ಚಿತ್ರಕ್ಕೆ ಏನು ಬೇಕಾದ್ರೂ ಮಾಡಿದ್ರಿ, ನಾನು ಕೇಳಲಿಲ್ಲ" ಎಂದರು. ದನಿ ಎತ್ತರವಿರಲಿಲ್ಲ, ಆದರೆ ಲಾರಿಯ ಡ್ರೈವರನಿಗೂ ಕೇಳಿಸಿತಂತೆ. "ನನ್ನ ಮಗಳ ಹತ್ರ ಆ ಪ್ರಶ್ನೆ ಇನ್ನೊಂದ್ಸಲ ಕೇಳಬೇಡಿ."

"ನೀವೇ ಊರು ಬಿಟ್ಟು ಹೋಗ್ತಿದ್ದೀರಲ್ಲ, ಇನ್ನೆಲ್ಲಿ ಕೇಳಲಿ?" ಎಂದು ರೈಟರು ನಗಲು ನೋಡಿದರು.

"ಬೇರೆ ಯಾವ ಮಗೀನ ಹತ್ರಾನೂ ಕೇಳಬೇಡಿ. ಹೂಂ ಅನ್ನಿ."

ರೈಟರು ಅತ್ತ ಇತ್ತ ನೋಡಿದರು. ಪಿಕ್ಕಿಂಗಿಗೆ ಹೊರಟಿದ್ದ ಹೆಂಗಸರು ಬುಟ್ಟಿ ಹಿಡಿದು ದಾರಿಯಲ್ಲೇ ನಿಂತಿದ್ದರು, ಒಬ್ಬಳೂ ಸರಿಯಲಿಲ್ಲ. ನಮ್ಮವರೂ ಕದಲಲಿಲ್ಲ.

"ಹೂಂ" ಎಂದರು ರೈಟರು.

ಲಾರಿ ಕುಶಾಲನಗರ ದಾಟಿತು. ಆಮೇಲೆ ನಮ್ಮವರು, "ನಿಂಗಿಂತ ಜಾಸ್ತಿ ಮಾತಾಡಿಬಿಟ್ನಾ?" ಎಂದು ಕೇಳಿದರು. ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಆ ತಮಿಳಿನವಳು ಕೆಲವು ವರ್ಷಗಳ ನಂತರ ಲೈನು ಬಿಟ್ಟು ತನ್ನೂರಿಗೆ ಹೋದಳೆಂದು, ಹಲಗೆಯನ್ನು ಸೀರೆಯಲ್ಲಿ ಸುತ್ತಿ ತೆಗೆದುಕೊಂಡು ಹೋದಳೆಂದು ಕೇಳಿದೆ. ದೊಡ್ಡ ಚಿತ್ರ ಏನಾಯಿತೋ ತಿಳಿಯದು. ನಾನು ಆ ಕಡೆ ಮತ್ತೆ ಹೋಗಲಿಲ್ಲ. ನಮ್ಮವರು ತೀರಿಕೊಂಡಾಗ ಮಾತಾಡಿಸಲು ಬಂದ ನೆಂಟರಲ್ಲಿ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, "ತಮ್ಮದಲ್ಲದಿದ್ರೂ ಮಗಳನ್ನ ಎಷ್ಟು ಚೆನ್ನಾಗಿ ಸಾಕಿದ್ರು" ಎಂದರು. ಮನೆಯಲ್ಲಿ ಇನ್ನೂ ಹೆಣವಿತ್ತು. ನಾನು ಎದ್ದು ನಿಂತು, ಆ ಮಾತು ಹೇಳುವವರು ಹೊರಗೆ ಹೋಗಬಹುದು ಎಂದೆ.